ಹಣ ಕೊಟ್ಟು ಬರೆಸುವ ಲೇಖನ: ಓದುಗರ ನಂಬಿಕೆ ಉಳಿಸಿಕೊಳ್ಳುವುದು ಹೇಗೆ?

ಹಿಂದೆ ನಮ್ಮ ಹೋಟೆಲುಗಳಿಗೆ ಜಾಹೀರಾತು ಎಂದರೆ ಬಾಗಿಲ ಮೇಲಿನ ಬೋರ್ಡು ಮತ್ತು ಉಂಡು ಹೋದವರ ಬಾಯಿಮಾತು, ಎರಡೇ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಬೋರ್ಡಿಂಗಿನ ಹೆಸರು ಮುಂಬಯಿಯಲ್ಲಿ ಹರಡಿದ್ದು ಬಾಳೆಲೆಯ ಮುಂದೆ ಕುಳಿತು ಉಂಡವರಿಂದ. ಈಗಿನ ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಮೊಬೈಲಿನಲ್ಲಿ ನಮ್ಮ ದೋಸೆಯನ್ನು ನೋಡಿರುತ್ತಾನೆ, ನಾಲ್ಕು ಜನ ಬರೆದದ್ದನ್ನು ಓದಿರುತ್ತಾನೆ. ಆದ್ದರಿಂದ ಬ್ಲಾಗ್ ಬರೆಯುವವರು, ವಿಡಿಯೋ ಮಾಡುವವರು ಗಲ್ಲಾದ ಬಳಿ ಬಂದು, "ಇಷ್ಟು ಕೊಟ್ಟರೆ ನಿಮ್ಮ ಬಗ್ಗೆ ಬರೆಯುತ್ತೇವೆ" ಎನ್ನುವುದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲ ಕಡೆ ಮಾಮೂಲಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಪತ್ರಿಕೆಗೆ ಜಾಹೀರಾತು ಕೊಟ್ಟ ಹಾಗೆಯೇ ಇದೂ ಒಂದು ಖರ್ಚು. ಆದರೆ ಇದನ್ನು ಮಾಡುವ ಕ್ರಮ ತಪ್ಪಿದರೆ ಹೊಸ ಗಿರಾಕಿ ಬರುವುದಿರಲಿ, ಹಳೆಯವರೂ ದೂರವಾಗುತ್ತಾರೆ.

ನಮಗೇ ಆದ ಪಾಠ

ಕೆಲವು ವರ್ಷಗಳ ಹಿಂದೆ ನಾವೂ ಒಬ್ಬರಿಗೆ ಹಣ ಕೊಟ್ಟು ಬರೆಸಿದೆವು. ಅವರು ಸಂಜೆ ನಾಲ್ಕಕ್ಕೆ ಬಂದು ಒಂದು ದೋಸೆ ತಿಂದು, ಹತ್ತು ಫೋಟೋ ತೆಗೆದುಕೊಂಡು ಹೋದರು. ಲೇಖನ ಬಂತು. "ಇಲ್ಲಿ ಪ್ರತಿಯೊಂದು ದೋಸೆಯೂ ಅಪ್ಪಟ ತುಪ್ಪದ್ದು" ಎಂದು ಅದರಲ್ಲಿತ್ತು. ನಮ್ಮಲ್ಲಿ ತುಪ್ಪ ಬೀಳುವುದು ತುಪ್ಪದ ದೋಸೆಗೆ ಮಾತ್ರ, ಉಳಿದವುಗಳಿಗೆ ಎಣ್ಣೆ. ನಾವು ಹಣ ಕೊಟ್ಟ ವಿಷಯವಂತೂ ಎಲ್ಲಿಯೂ ಇರಲಿಲ್ಲ. ಒಂದು ವಾರ ಜನ ಹೆಚ್ಚು ಬಂದರು, ನಾವೂ ಖುಷಿಪಟ್ಟೆವು. ಎರಡನೆಯ ವಾರ, ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಗಿರಾಕಿಯೊಬ್ಬರು ಮೊಬೈಲನ್ನು ಗಲ್ಲಾದ ಮೇಲಿಟ್ಟು, "ನನಗೆ ಇಷ್ಟು ವರ್ಷ ಎಣ್ಣೆ ದೋಸೆ, ಇವರಿಗೆ ಮಾತ್ರ ತುಪ್ಪವೇ? ಎಷ್ಟು ಕೊಟ್ಟಿರಿ?" ಎಂದು ಕೇಳಿದರು. ನಗುತ್ತಲೇ ಕೇಳಿದರು. ಆದರೆ ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಸಾಲನ್ನು ನಾವು ಬರೆದಿರಲಿಲ್ಲ ನಿಜ, ಅದಕ್ಕೆ ಹಣ ಕೊಟ್ಟವರು ಮಾತ್ರ ನಾವೇ. ಅಂದಿನಿಂದ ನಾವು ಪಾಲಿಸುತ್ತಿರುವ ಕೆಲವು ನಿಯಮಗಳನ್ನು ಸದಸ್ಯ ಮಿತ್ರರ ಮುಂದೆ ಇಡುತ್ತಿದ್ದೇವೆ.

ಮೊದಲ ಸಾಲಿನಲ್ಲೇ ಹೇಳಿಸಿ

"ಇದು ಪ್ರಾಯೋಜಿತ ಲೇಖನ" ಎಂಬ ಮಾತು ಲೇಖನದ ತಲೆಯಲ್ಲೇ ಇರಬೇಕು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಥವಾ ಇಪ್ಪತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಅಡಗಿಸಿಟ್ಟರೆ ಹೇಳಿದ ಹಾಗಲ್ಲ. ಹಾಗೆ ಹೇಳಿದರೆ ಯಾರು ಓದುತ್ತಾರೆ ಎಂದು ಅನೇಕರು ಹೆದರುತ್ತಾರೆ. ನಮ್ಮ ಅನುಭವ ಬೇರೆ. ಮೊದಲೇ ಹೇಳಿದ್ದನ್ನು ಓದುಗ ಸಹಿಸುತ್ತಾನೆ, ಮುಚ್ಚಿಟ್ಟದ್ದು ತಾನಾಗಿ ಗೊತ್ತಾದರೆ ಸಹಿಸುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ನೊಂದು ಕೈಪಿಡಿ ಪ್ರಕಟಿಸಿತು. ಎರಡರ ಸಾರವೂ ಒಂದೇ: ಬರೆಯುವವರಿಗೆ ಹಣ, ಉಚಿತ ಊಟ, ರಿಯಾಯಿತಿ, ಉಡುಗೊರೆ ಏನೇ ಸಂದಿದ್ದರೂ ಅದನ್ನು ಎದ್ದು ಕಾಣುವಂತೆ, ಓದುಗನಿಗೆ ಅರ್ಥವಾಗುವಂತೆ ಹೇಳಬೇಕು. ಕನ್ನಡ ಲೇಖನಕ್ಕೆ ಕನ್ನಡದಲ್ಲಿ, ಮರಾಠಿ ಲೇಖನಕ್ಕೆ ಮರಾಠಿಯಲ್ಲಿ ಹೇಳುವುದೇ ಒಳ್ಳೆಯದು. "ನಾವು ಹಣ ಕೊಡಲಿಲ್ಲ, ನಾಲ್ವರಿಗೆ ಊಟ ಹಾಕಿದೆವು ಅಷ್ಟೇ" ಎನ್ನುವವರು ಗಮನಿಸಿ, ಊಟವೂ ಲೆಕ್ಕಕ್ಕೆ ಬರುತ್ತದೆ.

ಅಡುಗೆಮನೆಯಲ್ಲಿ ಇದ್ದದ್ದನ್ನೇ ಬರೆಸಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ. ಮೊದಲ ಸಲ ಸಿಕ್ಕಿಬಿದ್ದರೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಬರೆದವರೂ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ತಾವು ಸರಿಯಾಗಿ ವಿಚಾರಿಸಿಯೇ ಬರೆದೆವು ಎಂದು ಅವರು ತೋರಿಸಬೇಕಾಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲೂ ತಪ್ಪು ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಅದರಡಿ 2018ರಲ್ಲಿ ಬಂದ ನಿಯಮಗಳು "ತಾಜಾ", "ಶುದ್ಧ", "ಅಸಲಿ" ಮುಂತಾದ ಮಾತುಗಳ ಬಳಕೆಗೂ ಷರತ್ತು ಹಾಕಿವೆ.

ಆದ್ದರಿಂದ ಬರೆಯಲು ಬಂದವರನ್ನು ಮೇಜಿನ ಮುಂದೆ ಮಾತ್ರ ಕೂರಿಸಬೇಡಿ. ಅಡುಗೆಮನೆ ತೋರಿಸಿ. ಯಾವ ಎಣ್ಣೆ, ತುಪ್ಪ ಯಾವುದಕ್ಕೆ, ಹಿಟ್ಟು ರುಬ್ಬುವುದು ಎಷ್ಟು ಹೊತ್ತಿಗೆ, ಈರುಳ್ಳಿ ಬೆಳ್ಳುಳ್ಳಿ ಯಾವುದಕ್ಕೆ ಹಾಕುತ್ತೀರಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಅಚ್ಚಾಗುವ ಮೊದಲು ಲೇಖನವನ್ನು ತರಿಸಿಕೊಂಡು ಈ ಸಂಗತಿಗಳನ್ನಷ್ಟೇ ತಿದ್ದಿ. ಅಭಿಪ್ರಾಯವನ್ನು ತಿದ್ದಲು ಹೋಗಬೇಡಿ.

ಓದಿದವನಿಗೆ ಏನಾದರೂ ಸಿಗಲಿ

"ರುಚಿಯೋ ರುಚಿ, ಒಮ್ಮೆ ಭೇಟಿ ಕೊಡಿ" ಎಂಬ ಲೇಖನವನ್ನು ಯಾರೂ ಎರಡನೆಯ ಪ್ಯಾರಾವರೆಗೆ ಓದುವುದಿಲ್ಲ. ಅದರ ಬದಲು ನಮ್ಮ ಉಡುಪಿ ಸಾಂಬಾರಿಗೆ ತೆಂಗಿನಕಾಯಿ ರುಬ್ಬಿ ಹಾಕಿ, ಚೂರು ಬೆಲ್ಲ ಸೇರಿಸುವುದೇಕೆ, ಚೆನ್ನೈಯ ಸಾಂಬಾರಿಗೂ ಅದಕ್ಕೂ ರುಚಿಯಲ್ಲಿ ವ್ಯತ್ಯಾಸವೇನು ಎಂದು ಬರೆಸಿ. ದೆಹಲಿಯ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿಯೇಳಲು ಹೆಚ್ಚು ಹೊತ್ತು ಏಕೆ ಬೇಕು, ಬೆಚ್ಚಗಿಡಲು ಏನು ಮಾಡುತ್ತೀರಿ ಎಂದು ಬರೆಸಿ. ನಮ್ಮ ಹೋಟೆಲಿಗೆ ಬಾರದವನಿಗೂ ಮನೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಹಣ ಕೊಟ್ಟು ಬರೆಸಿದ್ದು ಎಂದು ಗೊತ್ತಿದ್ದೂ ಓದುಗ ಬೇಸರಿಸುವುದಿಲ್ಲ.

ಒಂದು ಕೊರತೆಯೂ ಇರಲಿ. "ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕಾಯಬೇಕು", "ಕಾರು ನಿಲ್ಲಿಸಲು ಜಾಗವಿಲ್ಲ" ಎಂದು ಬರೆದವರು ಬರೆದರೆ ಕಿತ್ತುಹಾಕಿಸಬೇಡಿ. ಆ ಒಂದು ಸಾಲು ಉಳಿದ ಹತ್ತು ಸಾಲುಗಳನ್ನು ನಂಬುವಂತೆ ಮಾಡುತ್ತದೆ. ಕಾಯಬೇಕೆಂದು ತಿಳಿದೇ ಬಂದ ಗಿರಾಕಿ ಮಾಣಿಯ ಮೇಲೆ ರೇಗುವುದೂ ಕಡಿಮೆ.

ನಮ್ಮದೇ ಪುಟದಲ್ಲಿ ಬೇರೆಯವರ ಹಣ

ಈಗ ನಮ್ಮಲ್ಲಿ ಹಲವರ ಮಕ್ಕಳು ಹೋಟೆಲಿನ ಹೆಸರಿನಲ್ಲೇ ಬ್ಲಾಗ್ ನಡೆಸುತ್ತಾರೆ. ಕಾಫಿಪುಡಿಯವರು, ಮಸಾಲೆಯವರು, ಗ್ರೈಂಡರ್ ಮಾರುವವರು ಅಲ್ಲಿ ತಮ್ಮ ಸರಕಿನ ಬಗ್ಗೆ ಬರೆಯಲು ಹಣ ಕೊಡಲು ಬರುತ್ತಾರೆ. ಇಲ್ಲಿ ನಮ್ಮ ನಿಯಮ ಸರಳ: ನಾವು ನಮ್ಮ ಅಡುಗೆಮನೆಯಲ್ಲಿ ಬಳಸದ ವಸ್ತುವಿನ ಬಗ್ಗೆ ಬರೆಯುವುದಿಲ್ಲ. ಪ್ರಾಯೋಜಿತ ಬರಹಕ್ಕಿಂತ ನಮ್ಮ ಸ್ವಂತ ಬರಹ ಯಾವಾಗಲೂ ಹೆಚ್ಚಿರಬೇಕು. ಹಣ ಪಡೆದು ಹಾಕಿದ ಲಿಂಕಿಗೆ "ಸ್ಪಾನ್ಸರ್ಡ್" ಎಂಬ ಗುರುತು ಹಾಕಿಸಬೇಕು. ಗೂಗಲ್ 2019ರಿಂದ ಈ ಗುರುತಿಗೆ ಅವಕಾಶ ಕೊಟ್ಟಿದೆ. ಗುರುತಿಲ್ಲದೆ ಲಿಂಕ್ ಮಾರುವವರನ್ನು ಹುಡುಕಾಟದಲ್ಲಿ ಹಿಂದೆ ತಳ್ಳಬಹುದು. ಪುಟ ನೋಡಿಕೊಳ್ಳುವ ಹುಡುಗರಿಗೆ ಇದನ್ನು ಹೇಳಿದರೆ ಸಾಕು, ಮಾಡುತ್ತಾರೆ.

ಗೂಗಲ್ ನಕ್ಷೆಯ ವಿಮರ್ಶೆಗಳ ಬಗ್ಗೆಯೂ ಒಂದು ಮಾತು. "ಐದು ನಕ್ಷತ್ರ ಕೊಡಿ, ಒಂದು ಕಾಫಿ ಉಚಿತ" ಎಂಬ ಬೋರ್ಡನ್ನು ಕೆಲವು ಕಡೆ ನೋಡಿದ್ದೇವೆ. ಇದು ಗೂಗಲ್ ನಿಯಮಕ್ಕೆ ವಿರುದ್ಧ. ಲೇಖನವನ್ನಾದರೂ ಪ್ರಾಯೋಜಿತ ಎಂದು ಹೇಳಿ ಬರೆಸಬಹುದು, ಗಿರಾಕಿಯ ವಿಮರ್ಶೆಯನ್ನು ಕೊಳ್ಳಲೇಬಾರದು.

ಕೊನೆಯದಾಗಿ, ಬರೆಯುವವರೊಂದಿಗೆ ಬಾಯಿಮಾತಿನ ವ್ಯವಹಾರ ಬೇಡ. ಎಷ್ಟು ಹಣ, ಎಷ್ಟು ಬರಹ, ಪ್ರಾಯೋಜಿತ ಎಂಬ ಮಾತು ಎಲ್ಲಿ ಬರಬೇಕು, ತಪ್ಪಾದರೆ ಎಷ್ಟು ದಿನದಲ್ಲಿ ತಿದ್ದಬೇಕು, ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ಬಿಲ್ ಪಡೆಯಿರಿ.

ನಮ್ಮ ತುಪ್ಪದ ದೋಸೆಯ ಲೇಖನವನ್ನು ಆಗಲೇ ತಿದ್ದಿಸಿದೆವು. "ತುಪ್ಪ ತುಪ್ಪದ ದೋಸೆಗೆ ಮಾತ್ರ" ಎಂದು ಮೆನುವಿನಲ್ಲೂ ಬರೆಸಿದೆವು. ಆ ಹಳೆಯ ಗಿರಾಕಿ ಈಗಲೂ ಬರುತ್ತಾರೆ, ಎಣ್ಣೆ ದೋಸೆಯನ್ನೇ ತಿನ್ನುತ್ತಾರೆ.