ಬೇಗೂರಿನ ಕಲ್ಲಿನಲ್ಲಿ ಹನ್ನೆರಡು ಊರು!

2018. ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಗೆಂದು ಮಣ್ಣು ತೋಡುತ್ತಿದ್ದಾರೆ. ಕಲ್ಲೊಂದು ಅಡ್ಡ ಬರುತ್ತದೆ. ನೋಡಿದರೆ ಅಕ್ಷರ! ಓದಿದರೆ ಕ್ರಿ.ಶ. 750ರ ಹೊತ್ತಿನದು, ಗಂಗರ ಶ್ರೀಪುರುಷನ ಕಾಲದ್ದು; ರಾಷ್ಟ್ರಕೂಟರ ದಂಡಿಗೆ ಎದೆಯೊಡ್ಡಿ ಸತ್ತ ಕಿತ್ತಯ್ಯನ ವೀರಗಲ್ಲು. ಕೆಂಪೇಗೌಡರಿಗಿಂತ ಏಳು ಶತಮಾನಕ್ಕೂ ಹೆಚ್ಚು ಹಿಂದಿನ ಬೆಂಗಳೂರಿಗನೊಬ್ಬ ಹೆಸರು ಸಮೇತ ಚರಂಡಿ ಗುಂಡಿಯಿಂದ ಎದ್ದು ಬಂದಿದ್ದ!

ಅದು ಉತ್ತರದ ಮಾತಾಯಿತು. ನಮ್ಮ ದಕ್ಷಿಣಕ್ಕೆ ಬನ್ನಿ. ಬಿಟಿಎಂ ದಾಟಿ, ಬೊಮ್ಮನಹಳ್ಳಿಯ ಹೊಗೆ ಕುಡಿದು ಮುಂದೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರನ ಗುಡಿಯಲ್ಲಿ ಸುಮಾರು 890ರ ಕಲ್ಲೊಂದಿದೆ. ಬೆಂಗಳೂರು ಕಾಳಗದಲ್ಲಿ ಮಡಿದವನ ನೆನಪಿಗೆ ಬರೆಸಿದ್ದು. ಇದನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಬೆರಗಾಗಿಸಿದ್ದು ಬೇಗೂರಿನ ಇನ್ನೊಂದು ಕಲ್ಲು. ಅದೀಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲಾಳು, ಕಲ್ಲಿಗೆ ಕಲ್ಲೇ ರಣರಂಗ! ತುಂಬೆಪಾಡಿಯ ಕದನದಲ್ಲಿ ಗಂಗರ ಪರ ಕಾದಿದ ನಾಗತ್ತರ ಬಿದ್ದ. ಸುದ್ದಿ ಕೇಳಿದ ಗಂಗದೊರೆ ಎರೆಯಪ್ಪರಸ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, 'ಬೆಂಪೂರು ಹನ್ನೆರಡು' ಎಂಬ ಸೀಮೆ ಕೊಟ್ಟ. ಬೆಂಪೂರೆಂದರೆ ಬೇಗೂರೇ. ಶಾಸನ ಒಂದೊಂದೇ ಊರನ್ನು ಹೆಸರು ಹಿಡಿದು ಕೂಗುತ್ತದೆ: ಇಗ್ಗಲೂರು, ಎಲ್ಕುಂಟೆ, ಕೂಡಲೆ... ನಿಲ್ಲಿ, ಕೂಡಲೆ? ಕೂಡ್ಲು! ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತೇವಲ್ಲ, ಅದೇ ಕೂಡ್ಲು!

ಯುದ್ಧವಷ್ಟೇ ಅಲ್ಲ. ಅತ್ತ ಅಗರದ ಸುಮಾರು 870ರ ಶಾಸನದಲ್ಲಿ ಇರುಗಮಯ್ಯನೆಂಬವನ ಮಗ ಕೆರೆಗಳಿಗೆ ತೂಬಿಡಿಸುತ್ತಾನೆ, ಹೊಸ ಕೆರೆ ಕಟ್ಟಿಸುತ್ತಾನೆ. ತೂಬಿದ್ದ ಮೇಲೆ ಗದ್ದೆಯಿತ್ತು, ಗದ್ದೆಯಿದ್ದ ಮೇಲೆ ಊರಿತ್ತು, ಊರಲ್ಲಿ ಒಲೆ ಉರಿಯುತ್ತಿತ್ತು.

ಆ ಒಲೆಯ ಬೂದಿ, ಮಡಕೆಯ ಚೂರು, ಸುಟ್ಟ ಕಾಳು ಕಲ್ಲಿನ ಮೇಲೆ ಸಿಗುವುದಿಲ್ಲ, ಮಣ್ಣಿನ ಪದರದಲ್ಲಿ ಸಿಗಬೇಕು. ಗಂಗರ ರಾಜಧಾನಿ ತಲಕಾಡಿನ ಮರಳಿಗೆ 1990ರ ದಶಕದಲ್ಲಿ ಪುರಾತತ್ವದವರ ಗುದ್ದಲಿ ಬಿತ್ತು. ಬೆಂಗಳೂರಿನಲ್ಲಿ ಮೊದಲು ಬರುವುದು ಜೆಸಿಬಿ. (ಪದರ ನೋಡುವ ತಾಳ್ಮೆ ಅದಕ್ಕೆಲ್ಲಿ?) ಕಲ್ಲಿನ ಮಟ್ಟಿಗಾದರೆ, ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಪರದೆಯ ಮೇಲೆ ಎಬ್ಬಿಸುತ್ತಿದ್ದಾರೆ. ಇನ್ನು ಮಣ್ಣಿನಡಿಯ ಮನೆಗಳ ಸರದಿ. ಕೂಡ್ಲಿನಲ್ಲೋ ಬೇಗೂರಿನಲ್ಲೋ ಮುಂದಿನ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುವ ಮುಂಚೆ, ಒಂದೇ ಒಂದು ವಾರ, ಕರಣೆ ಮತ್ತು ಕುಂಚ ಹಿಡಿದವರನ್ನು ಗುಂಡಿಗಿಳಿಸಿ ನೋಡಿ!