ತಪ್ಪುಗಳನ್ನೂ ಬಿಡದೆ ಮರಳಿ ಕಟ್ಟಿದ ಯಂತ್ರ

ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಮಾರಿಯೋ ಓಡಿದಂತೆಲ್ಲ ನೆಲ, ಇಟ್ಟಿಗೆ, ಕೊಳವೆ, ಮೋಡ ಎಲ್ಲವೂ ಎಡಕ್ಕೆ ಸರಿಯುತ್ತವೆ. ಮೇಲಿನ ಅಂಕ, ನಾಣ್ಯ, ಸಮಯದ ಸಾಲು ಮಾತ್ರ ಕದಲುವುದಿಲ್ಲ. ಇವತ್ತಿನ ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಬಾರದ ಕೆಲಸ. 1985ರ ಆ ಆಟ ಓಡುತ್ತಿದ್ದ ನಿಂಟೆಂಡೊ ಫ್ಯಾಮಿಕಾಮ್ ಯಂತ್ರಕ್ಕೆ ಮಾತ್ರ ಇದು ಸುಲಭವಿರಲಿಲ್ಲ. ಅದಕ್ಕಿದ್ದದ್ದು ಒಂದೇ ಹಿನ್ನೆಲೆ ಪದರ. ಸರಿಸಿದರೆ ಇಡೀ ಪರದೆಯೇ ಸರಿಯಬೇಕು.

ಆಟ ಬರೆದವರು ಕಂಡುಕೊಂಡ ಉಪಾಯ ಬಲು ಚೆಂದದ್ದು. ಪರದೆಯ ಮೇಲೆ ಓಡಾಡುವ ಸಣ್ಣ ಚಿತ್ರಗಳಿಗೆ ಸ್ಪ್ರೈಟ್ ಎನ್ನುತ್ತಾರೆ. ಅವುಗಳಲ್ಲಿ ಮೊದಲನೆಯದನ್ನು, ಅಂದರೆ ಸೊನ್ನೆ ನಂಬರಿನದನ್ನು, ಮೇಲಿನ ಸಾಲಿನಲ್ಲಿರುವ ನಾಣ್ಯದ ಕೆಳಅಂಚಿನಲ್ಲಿ ಅಡಗಿಸಿಟ್ಟಿದ್ದಾರೆ. ಚಿತ್ರ ಬಿಡಿಸುವ ಚಿಪ್ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಎಳೆಯುತ್ತ ಬಂದು, ಆ ಸ್ಪ್ರೈಟಿನ ಚುಕ್ಕಿ ಹಿನ್ನೆಲೆಯ ಚುಕ್ಕಿಯ ಮೇಲೆ ಬಿದ್ದ ಕ್ಷಣ ಒಂದು ಗುರುತನ್ನು ಎತ್ತಿ ತೋರಿಸುತ್ತದೆ. ಪ್ರೊಸೆಸರ್ ಬೇರೆ ಕೆಲಸವನ್ನೆಲ್ಲ ಬಿಟ್ಟು ಆ ಗುರುತನ್ನೇ ಕಾಯುತ್ತ ಕೂತಿರುತ್ತದೆ. ಗುರುತು ಕಂಡೊಡನೆ, ಚಿತ್ರ ಇನ್ನೂ ಅರ್ಧದಲ್ಲಿರುವಾಗಲೇ, ಹಿನ್ನೆಲೆಯನ್ನು ಎಷ್ಟು ಸರಿಸಬೇಕೆಂಬ ಸಂಖ್ಯೆಯನ್ನು ಬದಲಿಸುತ್ತದೆ. ಮೇಲಿನ ಭಾಗ ಆಗಲೇ ಬಿಡಿಸಿ ಮುಗಿದಿರುತ್ತದೆ, ಕೆಳಗಿನದಷ್ಟೇ ಸರಿಯುತ್ತದೆ. ಸೆಕೆಂಡಿಗೆ ಅರವತ್ತು ಸಲ ಇದೇ ನಡೆಯುತ್ತದೆ.

ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಬದುಕಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಎಮ್ಯುಲೇಟರ್ ಬರೆಯುವವರು ಆ ಒಂದು ಗುರುತನ್ನು ಎತ್ತಲು ಮರೆತರೆ ಮಾರಿಯೋ ಶುರುವಾಗುವುದೇ ಇಲ್ಲ. ಬರದ ಗುರುತಿಗಾಗಿ ಪ್ರೊಸೆಸರ್ ಕಾಯುತ್ತಲೇ ಇರುತ್ತದೆ, ಆಟ ಶೀರ್ಷಿಕೆಯ ಪರದೆಯಲ್ಲೇ ನಿಂತುಬಿಡುತ್ತದೆ. ಎಮ್ಯುಲೇಟರುಗಳು ಬೇರೆ ಯಂತ್ರಗಳಿಗೂ ಇವೆ. ಎಂಎಸ್-ಡಾಸ್ ಆಟಗಳಿಗೆ ಡಾಸ್‌ಬಾಕ್ಸ್ ಇದೆ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿದ ಮೇಮ್ ಇದೆ. ಎರಡೂ ದೊಡ್ಡ ಕೆಲಸಗಳೇ. ಆದರೂ ಈ ಕಸುಬಿನ ಸೊಗಸನ್ನು ತಿಳಿಯಬೇಕೆಂದರೆ ಫ್ಯಾಮಿಕಾಮ್‌ನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬ ಮನುಷ್ಯ ಪೂರ್ತಿ ತಲೆಯಲ್ಲಿ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕದು ಅದು; ವರ್ಷಗಟ್ಟಲೆ ದುಡಿಸಿಕೊಳ್ಳುವಷ್ಟು ಗಹನವೂ ಹೌದು.

ಮಸಯುಕಿ ಉಯೆಮುರಾ ಮುಂದಾಳ್ತನದಲ್ಲಿ ರೂಪುಗೊಂಡ ಈ ಯಂತ್ರ ಜಪಾನಿನಲ್ಲಿ 1983ರ ಜುಲೈ 15ರಂದು ಮಾರಾಟಕ್ಕೆ ಬಂತು. ರಿಕೋ ಕಂಪನಿ ಮಾಡಿದ ಪ್ರೊಸೆಸರಿನ ತಿರುಳು ಆ ಕಾಲದ ಹೆಸರಾಂತ 6502. ವೇಗ ಸುಮಾರು 1.79 ಮೆಗಾಹರ್ಟ್ಸ್. ಕೆಲಸಕ್ಕೆ ಸಿಗುವ ಮೆಮೊರಿ 2 ಕಿಲೋಬೈಟ್. ನೀವು ಓದುತ್ತಿರುವ ಈ ಲೇಖನ ಅದರಲ್ಲಿ ಹಿಡಿಸುವುದಿಲ್ಲ. ಮಾರಿಯೋ ಆಟ ಇಡಿಯಾಗಿ 40 ಕಿಲೋಬೈಟ್. ಅದರಲ್ಲಿನ ಮೋಡವೂ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಜಾಗ ಉಳಿಸಲು ಪಟ್ಟ ಈ ಪಾಡನ್ನು ಒಮ್ಮೆ ಗುರುತಿಸಿದರೆ ಆ ಆಟದ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

6502ರ ಆದೇಶಗಳನ್ನು ಒಂದೊಂದಾಗಿ ಓದಿ ಅದರಂತೆ ನಡೆಯುವ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ. ದಾಖಲೆಯಲ್ಲಿರುವ ಆದೇಶಗಳು 151. ಕಷ್ಟವಿರುವುದು ಕಾಲವನ್ನು ಹೊಂದಿಸುವುದರಲ್ಲಿ. ಪ್ರೊಸೆಸರ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರದ ಚಿಪ್ ಮೂರು ಚುಕ್ಕಿ ಮುಂದೆ ಹೋಗಿರುತ್ತದೆ. ಒಂದು ಗೆರೆಗೆ 341 ಚುಕ್ಕಿಗಳ ಹೊತ್ತು, ಒಂದು ಚಿತ್ರಕ್ಕೆ 262 ಗೆರೆಗಳು. ನಡುವೆ ಧ್ವನಿಯ ಸರ್ಕಿಟ್ ತನ್ನದೇ ಲೆಕ್ಕದಲ್ಲಿ ಓಡುತ್ತಿರುತ್ತದೆ. ನಿಜವಾದ ಯಂತ್ರದಲ್ಲಿ ಇವೆಲ್ಲ ಏಕಕಾಲಕ್ಕೆ ನಡೆಯುತ್ತವೆ. ಎಮ್ಯುಲೇಟರಿನದು ಯಕ್ಷಗಾನದ ಹಿಮ್ಮೇಳವನ್ನು ಒಬ್ಬನೇ ನಡೆಸುವವನ ಪಾಡು: ಭಾಗವತಿಕೆಯ ಒಂದು ಅಕ್ಷರ, ಮದ್ದಳೆಯ ಒಂದು ಪೆಟ್ಟು, ಚೆಂಡೆಯ ಒಂದು ಪೆಟ್ಟು ಹೀಗೆ ಸರದಿಯ ಮೇಲೆ ನುಡಿಸುತ್ತಲೇ, ಕೇಳುವವರಿಗೆ ಮೂವರೂ ಒಟ್ಟಿಗಿದ್ದಾರೆ ಅನ್ನಿಸಬೇಕು, ತಾಳ ಎಲ್ಲೂ ತಪ್ಪಬಾರದು.

1997ರಲ್ಲಿ ಬಂದ ನೆಸ್ಟಿಕಲ್ ಎಂಬ ಎಮ್ಯುಲೇಟರ್ ಒಂದೊಂದು ಗೆರೆಗೆ ಒಮ್ಮೆ ತಾಳ ಹೊಂದಿಸುತ್ತಿತ್ತು. ಆ ಕಾಲದ ಬಡ ಕಂಪ್ಯೂಟರುಗಳಲ್ಲಿ ಅದೇ ದೊಡ್ಡ ಸಾಧನೆ, ಜನಪ್ರಿಯ ಆಟಗಳಿಗೆ ಅಷ್ಟು ಸಾಕಾಗುತ್ತಿತ್ತು ಕೂಡ. ಗೆರೆಯ ನಡುವೆಯೇ ಸಂಖ್ಯೆ ಬದಲಿಸುವ ಆಟಗಳು ಮಾತ್ರ ಅಲ್ಲಿ ಮುರಿದು ಬೀಳುತ್ತಿದ್ದವು. ಇಂದಿನ ಮೆಸೆನ್‌ನಂಥ ಎಮ್ಯುಲೇಟರುಗಳು ಪ್ರೊಸೆಸರಿನ ಪ್ರತಿ ಹೆಜ್ಜೆಗೂ ತಾಳ ನೋಡುತ್ತವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು ಎಮ್ಯುಲೇಟರ್ ಬರೆಯುವವರು ಯಂತ್ರದ ಕುಂದುಗಳಿಗೆ ತೋರಿಸುವ ನಿಷ್ಠೆ. ಫ್ಯಾಮಿಕಾಮ್ ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ತೋರಿಸಲಾರದು. ಒಂಬತ್ತನೆಯದು ಮಾಯವಾಗುತ್ತದೆ. ಅದಕ್ಕೇ ಶತ್ರುಗಳ ಗುಂಪು ಎದುರಾದಾಗ ಚಿತ್ರಗಳು ಮಿಣುಕುತ್ತವೆ: ಪ್ರತಿ ಸಲವೂ ಬೇರೆಯದು ಮರೆಯಾಗಲಿ ಎಂದು ಆಟವೇ ಸರದಿ ಬದಲಿಸುತ್ತಿರುತ್ತದೆ. ಇಂದಿನ ಕಂಪ್ಯೂಟರಿಗೆ ಆ ಮಿತಿ ಇಲ್ಲವಲ್ಲ, ತೆಗೆದುಹಾಕಿದರಾಯಿತು ಅನ್ನಬಹುದು. ಆದರೆ ಲೆಜೆಂಡ್ ಆಫ್ ಜೆಲ್ಡಾ ಆಟದಲ್ಲಿ ನಾಯಕ ನೆಲಮಾಳಿಗೆಯ ಬಾಗಿಲು ದಾಟುವಾಗ ಚೌಕಟ್ಟಿನ ಹಿಂದೆ ಮರೆಯಾಗುವಂತೆ ಕಾಣುವುದು ಇದೇ ಮಿತಿಯಿಂದ. ಆ ಸಾಲಿನಲ್ಲಿ ಬೇಕೆಂದೇ ಎಂಟು ಖಾಲಿ ಸ್ಪ್ರೈಟ್ ತುಂಬಿ ಅವನನ್ನು ಅಳಿಸಿದ್ದಾರೆ. ಮಿತಿಯನ್ನು ತೆಗೆದರೆ ಅವನು ಗೋಡೆಯ ಮೇಲೆ ನಡೆದಂತೆ ಕಾಣುತ್ತಾನೆ. ಎಂಟು ಮೀರಿತೆಂದು ಹೇಳಬೇಕಾದ ಗುರುತೇ ಆ ಚಿಪ್ಪಿನಲ್ಲಿ ತಪ್ಪಾಗಿದೆ. ಅದು ಕೆಲವೊಮ್ಮೆ ಮೀರದಿದ್ದರೂ ಮೀರಿತೆನ್ನುತ್ತದೆ, ಮೀರಿದ್ದರೂ ಸುಮ್ಮನಿರುತ್ತದೆ. ಒಳ್ಳೆಯ ಎಮ್ಯುಲೇಟರ್ ಆ ತಪ್ಪು ಲೆಕ್ಕವನ್ನೂ ಹಾಗೆಯೇ ಮಾಡುತ್ತದೆ.

ಇನ್ನೊಂದು ಕುಂದು ಧ್ವನಿಗೆ ಸಂಬಂಧಿಸಿದ್ದು. ಡೋಲಿನ ಸದ್ದಿನಂಥ ಮುದ್ರಿತ ಧ್ವನಿಯನ್ನು ಓದಲು ಯಂತ್ರ ಪ್ರೊಸೆಸರನ್ನು ಆಗಾಗ ಅರೆಕ್ಷಣ ತಡೆಯುತ್ತದೆ. ಆ ಕ್ಷಣದಲ್ಲೇ ಪ್ರೊಸೆಸರ್ ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ಓದುತ್ತಿದ್ದರೆ ಒಂದು ಗುಂಡಿಯ ಸುದ್ದಿ ಕಳೆದುಹೋಗಿ, ಆಟಗಾರ ಒತ್ತದ ಗುಂಡಿ ಒತ್ತಿದಂತಾಗುತ್ತದೆ. ಸೂಪರ್ ಮಾರಿಯೋ ಬ್ರದರ್ಸ್ 3 ಬರೆದವರಿಗೆ ಇದು ಗೊತ್ತಿತ್ತು. ಅವರ ಆಟ ಎರಡು ಸಲ ಓದಿದ್ದು ಒಂದೇ ಆಗುವ ತನಕ ಕಂಟ್ರೋಲರನ್ನು ಮತ್ತೆ ಮತ್ತೆ ಓದುತ್ತದೆ.

ಇಷ್ಟೆಲ್ಲ ಹೊರಗಿನವರಿಗೆ ತಿಳಿದದ್ದು ಹೇಗೆ? ಚಿಪ್ಪಿನ ಒಳಗುಟ್ಟನ್ನು ನಿಂಟೆಂಡೊ ಪ್ರಕಟಿಸಿರಲಿಲ್ಲ. ಹವ್ಯಾಸಿಗಳು ನಿಜವಾದ ಯಂತ್ರದ ಮೇಲೆ ಪುಟ್ಟ ಪುಟ್ಟ ಪರೀಕ್ಷಾ ಪ್ರೋಗ್ರಾಂಗಳನ್ನು ಓಡಿಸಿ, ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಬರೆದಿಟ್ಟರು. ಬ್ಲಾರ್ಗ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರ ಪರೀಕ್ಷೆಗಳು, ಕೆವಿನ್ ಹಾರ್ಟನ್ ಅವರ ನೆಸ್‌ಟೆಸ್ಟ್ ಇಂದಿಗೂ ಹೊಸ ಎಮ್ಯುಲೇಟರ್ ಬರೆಯುವ ಪ್ರತಿಯೊಬ್ಬರೂ ದಾಟಬೇಕಾದ ಹೊಸ್ತಿಲು. ವಿಷುಯಲ್ 6502 ಎಂಬ ತಂಡ ಇನ್ನೂ ಆಳಕ್ಕಿಳಿಯಿತು. ಅವರು 6502 ಚಿಪ್ಪಿನ ಹೊದಿಕೆ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು, ಸುಮಾರು 3,500 ಟ್ರಾನ್ಸಿಸ್ಟರುಗಳನ್ನು ಗುರುತಿಸಿ, ಬ್ರೌಸರಿನಲ್ಲೇ ಓಡುವ ಮಾದರಿ ಮಾಡಿಟ್ಟರು. ಈ ಜ್ಞಾನದ ಬಹುಪಾಲನ್ನು ಯಾರೂ ಮಾರಲಿಲ್ಲ, ಕಲಿಯುವವರ ಮುಂದೆ ತೆರೆದಿಟ್ಟರು.

ನಿಖರತೆಗೆ ಬೆಲೆ ತೆರಬೇಕು. ಬ್ಯುಯು ಎಂಬ ಹೆಸರಿನವರು ಫ್ಯಾಮಿಕಾಮ್‌ನ ಮುಂದಿನ ಪೀಳಿಗೆಯಾದ ಸೂಪರ್ ಫ್ಯಾಮಿಕಾಮ್‌ಗೆ ಬಿಎಸ್‌ನೆಸ್ ಎಂಬ ಎಮ್ಯುಲೇಟರ್ ಬರೆದರು. ಕೆಲವೇ ಮೆಗಾಹರ್ಟ್ಸ್‌ನ ಆ ಯಂತ್ರವನ್ನು ಲೋಪವಿಲ್ಲದೆ ಅನುಕರಿಸಲು 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಬೇಕೆಂದು 2011ರಲ್ಲಿ ಅವರು ವಿವರಿಸಿದರು. ಅಷ್ಟೊಂದು ಶ್ರಮ ಬೇಕೇ ಎಂದು ಕೇಳಿದವರೂ ಇದ್ದರು. ಬೇಕು ಎಂದೇ ನನ್ನ ಉತ್ತರ. ಹಳೆಯ ಯಂತ್ರಗಳೆಲ್ಲ ಒಂದಲ್ಲ ಒಂದು ದಿನ ಕೆಡುತ್ತವೆ. ಆಮೇಲೆ ಉಳಿಯುವ ಸಾಕ್ಷಿ ಎಮ್ಯುಲೇಟರೇ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಅಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಆಗ ಕೊಳ್ಳಲು ಸಿಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೂ ಈ ಯಂತ್ರ ಬಂದಿತ್ತು, ಫ್ಯಾಮಿಕಾಮ್ ಎಂಬ ಹೆಸರಿಲ್ಲದೆ. ಲಿಟ್ಲ್ ಮಾಸ್ಟರ್, ಮೀಡಿಯಾ ಮುಂತಾದ ಹೆಸರುಗಳಲ್ಲಿ ಮಾರಾಟವಾದ ಟಿವಿ ಗೇಮ್‌ಗಳು ಫ್ಯಾಮಿಕಾಮ್‌ನ ನಕಲುಗಳು. ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡಿದವರು ಈಗ ಎಮ್ಯುಲೇಟರಿನಲ್ಲಿ ಅದೇ ಆಟ ತೆರೆದರೆ ವೇಗ ಹೆಚ್ಚಾಗಿದೆ, ಸ್ವರ ಬೇರೆಯಾಗಿದೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಜಪಾನಿನ ಟಿವಿ ಸೆಕೆಂಡಿಗೆ 60 ಚಿತ್ರ ತೋರಿಸಿದರೆ, ನಮ್ಮ ಪಾಲ್ ಪದ್ಧತಿಯ ಟಿವಿ ತೋರಿಸುತ್ತಿದ್ದದ್ದು 50. ಪಾಲ್ ದೇಶಗಳ ನಕಲು ಯಂತ್ರಗಳಿಗೆಂದೇ ತೈವಾನಿನ ಯುಎಂಸಿ ಕಂಪನಿ ಬೇರೆ ಚಿಪ್ ಮಾಡಿತ್ತು. ಕೆಲವು ನಕಲುಗಳಲ್ಲಿ ಎರಡು ಬಗೆಯ ನಾದ ಅದಲುಬದಲಾಗಿದ್ದೂ ಉಂಟು. ಎಮ್ಯುಲೇಟರ್ ಬರೆದವರು ಇದನ್ನೂ ಬಿಟ್ಟಿಲ್ಲ. ಮೆಸೆನ್‌ನಲ್ಲಿ ಯಂತ್ರದ ಬಗೆಯನ್ನು 'ಡೆಂಡಿ' ಎಂದು ಆರಿಸಿದರೆ ಆ ಚಿಪ್ಪಿನ ಲೆಕ್ಕದಲ್ಲೇ ಆಟ ನಡೆಯುತ್ತದೆ. ಡೆಂಡಿ ಎಂಬುದು ರಷ್ಯಾದಲ್ಲಿ ಮಾರಾಟವಾದ ನಕಲಿನ ಹೆಸರು.

ಆಟಗಳ ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಎಮ್ಯುಲೇಟರ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಕಂಡಕಂಡಲ್ಲಿಂದ ಆಟದ ಪ್ರತಿ ಇಳಿಸಿಕೊಳ್ಳುವುದು ಬೇರೆ ಮಾತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವರಿಗೆ ಅದು ಹಾಳಾದೀತೆಂಬ ಮುನ್ನೆಚ್ಚರಿಕೆಗೆ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಸುಮ್ಮನೆ ನೋಡಬೇಕೆಂದಿರುವವರು ನೋವಾ ದ ಸ್ಕ್ವಿರಲ್‌ನಿಂದ ಆರಂಭಿಸಬಹುದು. ಅದು ಈ ಯಂತ್ರಕ್ಕಾಗಿಯೇ ಹೊಸದಾಗಿ ಬರೆದು ಉಚಿತವಾಗಿ ಹಂಚಿದ ಆಟ. ಹಣ ಕೊಟ್ಟು ಕೊಳ್ಳುವುದಾದರೆ 2019ರ ಮೈಕ್ರೋ ಮೇಜಸ್ ಇದೆ, ಅದೂ ಹಳೆಯ ಮಾರಿಯೋದಂತೆ 40 ಕಿಲೋಬೈಟಿನೊಳಗೇ ಇದೆ.

ಒಂದು ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಬಹುತೇಕ ಕ್ಯಾಸೆಟ್ಟುಗಳೊಳಗೆ ಯಂತ್ರಕ್ಕೆ ಮೆಮೊರಿಯ ಯಾವ ಭಾಗವನ್ನು ಯಾವಾಗ ತೋರಿಸಬೇಕೆಂದು ನಿರ್ಧರಿಸುವ ಸರ್ಕಿಟ್ ಇರುತ್ತದೆ. ಇದಕ್ಕೆ ಮ್ಯಾಪರ್ ಎನ್ನುತ್ತಾರೆ. ನಿಂಟೆಂಡೊದ ಮ್ಯಾಪರುಗಳನ್ನು ಚೆನ್ನಾಗಿ ಅಭ್ಯಾಸ ಮಾಡಲಾಗಿದೆ. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ತುಂಬಿ ಏಷ್ಯಾದಲ್ಲೆಲ್ಲ ಅಗ್ಗಕ್ಕೆ ಮಾರಿದ ಹೆಸರಿಲ್ಲದ ಕ್ಯಾಸೆಟ್ಟುಗಳದ್ದು ಹಾಗಲ್ಲ. ಅವುಗಳ ಸರ್ಕಿಟ್ ಒಂದೊಂದೂ ಒಂದೊಂದು ಬಗೆ, ಅದಕ್ಕೇ ಹೊಸ ಹೊಸ ಮ್ಯಾಪರುಗಳು ಇಂದಿಗೂ ಪಟ್ಟಿಗೆ ಸೇರುತ್ತಲೇ ಇವೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕ್ಯಾಸೆಟ್ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಿಳಿದವರ ಕೈಗೆ ಕೊಟ್ಟು ಒಳಗಿನ ಬೋರ್ಡಿನ ಫೋಟೋ ತೆಗೆಸಿ, ಅದರಲ್ಲಿರುವುದನ್ನು ಓದಿಸಿ ದಾಖಲಿಸಿಡಿ.