ಮನೆಯಂಗಳದಲ್ಲೇ ಎಂಜಿನ್ ಆಯಿಲ್ ಬದಲಾವಣೆ

ಕಾರು ಓಡುವಾಗ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳು ಪದರವಾಗಿ ನಿಲ್ಲುವುದು ಎಂಜಿನ್ ಆಯಿಲ್. ಸವೆತ ತಡೆಯುವುದರ ಜೊತೆಗೆ ಅದು ಬಿಸಿಯನ್ನು ಹೊತ್ತೊಯ್ಯುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ, ಮಸಿ ಮತ್ತು ಲೋಹದ ಪುಡಿಯನ್ನು ಫಿಲ್ಟರ್‌ಗೆ ತಲುಪಿಸುತ್ತದೆ. ಬಿಸಿಗೂ ಗಾಳಿಗೂ ಸಿಕ್ಕಿ ಆಯಿಲ್ ಕ್ರಮೇಣ ಕೆಡುತ್ತದೆ. ಅದರಲ್ಲಿ ಬೆರೆಸಿದ ರಕ್ಷಕ ರಾಸಾಯನಿಕಗಳು ಖರ್ಚಾಗುತ್ತವೆ. ಕಾರು ಬರೀ ಹತ್ತಿರದ ಓಡಾಟಕ್ಕೆ ಬಳಕೆಯಾದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ, ನೀರಿನ ಅಂಶ ಆಯಿಲ್‌ನಲ್ಲೇ ಉಳಿಯುತ್ತದೆ. ಆದ್ದರಿಂದಲೇ ದೂರದ ಜೊತೆ ಕಾಲದ ಮಿತಿಯೂ ಇದೆ. ಭಾರತದಲ್ಲಿ ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಯಾವ ಆಯಿಲ್, ಎಷ್ಟು ಎಂಬುದನ್ನು ಕಾರಿನ ಕೈಪಿಡಿಯೇ ಹೇಳಬೇಕು. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬ ಗುರುತಿನಲ್ಲಿ ಮೊದಲ ಭಾಗ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಎಂಜಿನ್ ಕಾದಾಗ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನೂ ತಿಳಿಸುತ್ತದೆ. ಗ್ರೇಡ್ ಒಂದೇ ಆದರೂ ಗುಣಮಟ್ಟದ ಗುರುತು ಬೇರೆ ಇರಬಹುದು. ಹೊಗೆಯ ಮಸಿ ಸೋಸುವ ಡಿಪಿಎಫ್ ಇರುವ ಬಿಎಸ್6 ಡೀಸೆಲ್ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು; ಬೇರೆಯದು ಹಾಕಿದರೆ ಆ ಸೋಸುಕ ಬೇಗ ಕಟ್ಟಿಕೊಳ್ಳುತ್ತದೆ. ವಾರಂಟಿ ಇನ್ನೂ ಇರುವ ಕಾರಾದರೆ ಅದರ ಷರತ್ತುಗಳನ್ನು ಮೊದಲು ಓದಿಕೊಳ್ಳುವುದು ಲೇಸು.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ಸರಿಯಾದ ಅಳತೆಯ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ವ್ರೆಂಚ್, ಅಗಲವಾದ ಟ್ರೇ, ಆಲಿಕೆ, ಕೈಗವಸು, ಹಳೆ ಬಟ್ಟೆ.

ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಆರಿಸಬೇಕು. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ತುಂಬ ಬಿಸಿಯಾಗಿದ್ದರೆ ಕೈ ಸುಡುತ್ತದೆ. ಕಾರು ಗಟ್ಟಿಯಾದ ಸಮತಟ್ಟು ನೆಲದಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ನೆಲದ ಮೇಲೇ ಇರುವ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಜಾಕ್ ಎತ್ತುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಕಾರಿನ ಕೆಳಗೆ ಎಂದೂ ತೂರಬಾರದು; ಕೈಪಿಡಿ ತೋರಿಸಿದ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಇಟ್ಟು, ಭಾರ ಅದರ ಮೇಲೆ ಕೂತ ಮೇಲೆಯೇ ಕೆಳಗಿಳಿಯಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಭಾರಕ್ಕೆ ಹಠಾತ್ತನೆ ಒಡೆಯುತ್ತವೆ.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಭಾಗವನ್ನು ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರೆ. ಡ್ರೈನ್ ಬೋಲ್ಟ್ ಇರುವುದು ಅಲ್ಲೇ. ಹತ್ತಿರದಲ್ಲೇ ಗೇರ್‌ಬಾಕ್ಸಿನ ಬೋಲ್ಟೂ ಇರುವುದರಿಂದ ಗುರುತಿಸಿಕೊಂಡೇ ಬಿಚ್ಚಬೇಕು. ಮೇಲಿನ ಆಯಿಲ್ ಮುಚ್ಚಳವನ್ನು ಸಡಿಲಿಸಿದರೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಹರಿವು ಹನಿಗೆ ಬಂದ ಮೇಲೆ ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಹದವಾಗಿ ಬಿಗಿಯಬೇಕು. ಅಲ್ಯೂಮಿನಿಯಂ ಚೇಂಬರ್ ಆದರೆ ಅತಿಯಾದ ಬಿಗಿತಕ್ಕೆ ಥ್ರೆಡ್ ಹೋಗುತ್ತದೆ.

ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ನೋಡಲೇಬೇಕು. ಅದರ ಮೇಲೆ ಹೊಸದು ಕೂತರೆ ಒತ್ತಡಕ್ಕೆ ಆಯಿಲೆಲ್ಲ ಹೊರಚೆಲ್ಲಿ ಎಂಜಿನ್ ಹಾಳಾಗಬಹುದು. ಹೊಸ ಉಂಗುರಕ್ಕೆ ಸ್ವಲ್ಪ ಹೊಸ ಆಯಿಲ್ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಿಂದಲೇ ತಿರುಗಿಸಿದರೆ ಸಾಮಾನ್ಯವಾಗಿ ಸಾಕು. ಪ್ಲಾಸ್ಟಿಕ್ ಗೂಡಿನೊಳಗೆ ಕಾಗದದ ಫಿಲ್ಟರ್ ಇರುವ ಕಾರುಗಳಲ್ಲಿ ಒಳಗಿನ ಫಿಲ್ಟರ್ ಮತ್ತು ಉಂಗುರವನ್ನಷ್ಟೇ ಬದಲಿಸುತ್ತಾರೆ.

ಕಾರನ್ನು ಕೆಳಗಿಳಿಸಿ, ಹೇಳಿದ ಪ್ರಮಾಣಕ್ಕಿಂತ ತುಸು ಕಡಿಮೆಯೇ ಹೊಯ್ದು ಎಂಜಿನ್ ಚಾಲೂ ಮಾಡಬೇಕು. ಆಯಿಲ್ ದೀಪ ಕೆಲವೇ ಕ್ಷಣದಲ್ಲಿ ಆರದಿದ್ದರೆ ಎಂಜಿನ್ ತಕ್ಷಣ ನಿಲ್ಲಿಸಬೇಕು. ದೀಪ ಆರಿದರೆ ಬೋಲ್ಟ್, ಫಿಲ್ಟರ್‌ಗಳ ಸುತ್ತ ಸೋರಿಕೆ ನೋಡಿ, ಎಂಜಿನ್ ಆರಿಸಿ, ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಪರೀಕ್ಷಿಸಬೇಕು. ಅದು ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರವಿರಬೇಕು. ಮೀರಿದರೆ ಕ್ರ್ಯಾಂಕ್‌ಶಾಫ್ಟ್ ಬಡಿತಕ್ಕೆ ಆಯಿಲ್ ನೊರೆಯಾಗಿ, ಬೇರಿಂಗ್‌ಗಳಿಗೆ ಸರಿಯಾಗಿ ತಲುಪುವುದಿಲ್ಲ. ದಿನಾಂಕ, ಕಿಲೋಮೀಟರ್ ಬರೆದಿಟ್ಟರೆ ಮುಂದಿನ ಬದಲಾವಣೆಯ ಲೆಕ್ಕ ತಪ್ಪುವುದಿಲ್ಲ.

ಟ್ರೇಯಲ್ಲಿ ಉಳಿದ ವೇಸ್ಟ್ ಆಯಿಲ್ ವಿಲೇವಾರಿಯಾಗುವವರೆಗೆ ಕೆಲಸ ಮುಗಿದಂತಲ್ಲ. ಗೆದ್ದಲು ಹಿಡಿಯದಂತೆ ಬೇಲಿ ಕಂಬಕ್ಕೆ ಬಳಿಯುವ, ಸೊಳ್ಳೆ ಸಾಯಲೆಂದು ಚರಂಡಿಗೆ ಸುರಿಯುವ ರೂಢಿ ಅಪಾಯಕಾರಿ. ಅದರಲ್ಲಿ ಭಾರಲೋಹಗಳೂ ಕ್ಯಾನ್ಸರ್‌ಕಾರಕ ವಸ್ತುಗಳೂ ಇರುತ್ತವೆ. ಒಂದು ಲೀಟರ್ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಫಿಲ್ಟರನ್ನು ಬಗ್ಗಿಸಿಟ್ಟು ಉಳಿದ ಆಯಿಲ್ ಬಸಿದು, ಎಲ್ಲವನ್ನೂ ಖಾಲಿ ಡಬ್ಬಿಗೆ ತುಂಬಿ, ನೀರು ಪೆಟ್ರೋಲ್ ಬೆರೆಸದೆ, ನೋಂದಾಯಿತ ಮರುಬಳಕೆದಾರರಿಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಅಲ್ಲಿಂದ ಸಂಸ್ಕರಣಾ ಘಟಕ ಸೇರಿದರೆ ನೀರು, ಕೊಳೆ ಬೇರ್ಪಟ್ಟು, ಅದರಿಂದ ಮತ್ತೆ ಹೊಸ ಆಯಿಲ್‌ಗೆ ಬೇಕಾದ ಮೂಲತೈಲ ತಯಾರಾಗುತ್ತದೆ.